ಕನ್ನಡ ಕಲಿಯಲು ಎಷ್ಟು ಗಂಟೆ, ಎಷ್ಟು ರೂಪಾಯಿ: ಉಡುಪಿ ಜಿಲ್ಲೆಯ ಒಂದು ಲೆಕ್ಕ

ಹೊರರಾಜ್ಯದಿಂದ ಬಂದು ಇಲ್ಲಿ ದುಡಿಯುವವರು ಕನ್ನಡ ಕಲಿಯಬೇಕು ಎಂಬ ಮಾತಿಗೆ ಉಡುಪಿ ಜಿಲ್ಲೆಯಲ್ಲಿ ಇಲ್ಲ ಎನ್ನುವವರು ಅಪರೂಪ. ಆದರೆ ಎಷ್ಟು ಕಲಿಯಬೇಕು, ಎಷ್ಟು ದಿನದೊಳಗೆ, ಕಲಿಸುವವರ ಸಂಬಳ ಯಾರು ಕೊಡಬೇಕು, ಕಲಿಯುವ ಹೊತ್ತಿನ ಕೂಲಿ ಯಾರ ತಲೆಗೆ ಎಂಬ ಪ್ರಶ್ನೆಗಳು ಎದ್ದ ಕೂಡಲೇ ಮಾತು ತಡವರಿಸುತ್ತದೆ. ಕಲಿಯಬೇಕೆಂದು ನಾನೂ ಬಲವಾಗಿ ನಂಬಿದವನು. ನಂಬಿದ್ದರಿಂದಲೇ ಈ ಪ್ರಶ್ನೆಗಳಿಗೆ ಗಂಟೆಯಲ್ಲಿ, ರೂಪಾಯಿಯಲ್ಲಿ ಉತ್ತರ ಕೊಡಬೇಕು ಅನ್ನಿಸಿತು.

ಮೊದಲು ಗಂಟೆ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ತಮಿಳು, ತೆಲುಗು ಕಲಿಸಲು 44 ವಾರ, ಅಂದರೆ ಸುಮಾರು 1,100 ತರಗತಿ ಗಂಟೆ ಬೇಕೆಂದು ಲೆಕ್ಕ ಹಾಕಿದೆ. ಕಚೇರಿ ಕೆಲಸವನ್ನು ಆ ಭಾಷೆಯಲ್ಲೇ ಸಲೀಸಾಗಿ ನಡೆಸುವ ಮಟ್ಟ ಅದು. ಕನ್ನಡವೂ ಅದೇ ಕುಟುಂಬದ ಭಾಷೆ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ ಎಂದುಕೊಳ್ಳಬಹುದು. ಮಲಯಾಳಂ, ತೆಲುಗು, ತಮಿಳು ಮನೆಮಾತಿನವರಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ನಮ್ಮ ಸರ್ಕಾರದ ಅಳತೆಯೂ ಇದರ ಹತ್ತಿರವೇ ಇದೆ. 1969ರಲ್ಲಿ ಮೈಸೂರಿನಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನದ ಅಡಿಯಲ್ಲಿರುವ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರವು ಬೇರೆ ಭಾಷೆಯ ಶಿಕ್ಷಕರಿಗೆ ಕನ್ನಡ ಕಲಿಸುವುದು 10 ತಿಂಗಳ ಪೂರ್ಣಾವಧಿ ಕೋರ್ಸಿನಲ್ಲಿ.

ಎಲ್ಲರಿಗೂ ಅಷ್ಟು ಬೇಕಿಲ್ಲ. ಇಂಗ್ಲಿಷ್ ಕಲಿಯುವವರಿಗಾಗಿ ಕೇಂಬ್ರಿಜ್ ಸಂಸ್ಥೆ ಹಾಕಿಕೊಟ್ಟ ಲೆಕ್ಕ ನೋಡಿ: ಅಂಗಡಿ, ಬಸ್ಸು, ಆಸ್ಪತ್ರೆಯ ಸರಳ ಮಾತುಕತೆಗೆ 180ರಿಂದ 200 ಗಂಟೆ, ಕೆಲಸದ ಜಾಗದಲ್ಲಿ ಯಾರ ನೆರವೂ ಇಲ್ಲದೆ ನಿಭಾಯಿಸಲು 350ರಿಂದ 400 ಗಂಟೆ. ಇದನ್ನು ಎದುರಿಗಿಟ್ಟುಕೊಂಡು ನಾನು ನಮ್ಮ ಜಿಲ್ಲೆಗೆ ಎರಡು ಅಳತೆ ಹಿಡಿಯುತ್ತೇನೆ. ಕೂಲಿ ಕೆಲಸಕ್ಕೆ ಬಂದವರಿಗೆ 60 ಗಂಟೆಯ ಮಾತಿನ ಕನ್ನಡ. ಜನರ ಅಹವಾಲು ಕೇಳುವ ಕುರ್ಚಿಯಲ್ಲಿ ಕೂರುವವರಿಗೆ 200 ಗಂಟೆ. ದರವನ್ನೂ ಹೇಳಿಬಿಡುತ್ತೇನೆ: ಕಲಿಸುವವರಿಗೆ ಗಂಟೆಗೆ ₹500, ಪುಸ್ತಕಕ್ಕೆ ₹100, ದಿನಗೂಲಿ ₹700, ದಿನಕ್ಕೆ 8 ಗಂಟೆ ದುಡಿಮೆ. ಇವು ಲೆಕ್ಕಕ್ಕಾಗಿ ಹಿಡಿದುಕೊಂಡ ದರಗಳು. ಓದುಗರು ತಮ್ಮ ಊರಿನ ದರ ಹಾಕಿ ತಿದ್ದಿಕೊಳ್ಳಬಹುದು.

ಹೊರಗಿನವರು ಎಷ್ಟು ಸಾವಿರ ಇದ್ದಾರೆ ಎಂಬಲ್ಲಿಂದ ನಾನು ಶುರು ಮಾಡುತ್ತಿಲ್ಲ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ 11,77,361. ಇಡೀ ದೇಶದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಿ ನೆಲೆಸಿದವರು ಆಗ ಸುಮಾರು 5.4 ಕೋಟಿ. 2011ರಿಂದ 2016ರ ನಡುವೆ ವರ್ಷಕ್ಕೆ 90 ಲಕ್ಷದ ಹತ್ತಿರ ಜನ ಹೀಗೆ ರಾಜ್ಯ ದಾಟಿದ್ದಾರೆ ಎಂದು 2016–17ರ ಆರ್ಥಿಕ ಸಮೀಕ್ಷೆ ಅಂದಾಜಿಸಿತು. ಮುಂದಿನ ಜನಗಣತಿಗೆ ನಿಗದಿಯಾದ ದಿನ 2027ರ ಮಾರ್ಚ್ 1. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಒಬ್ಬರಿಗೆ ಎಷ್ಟು ಎಂದು ಗೊತ್ತಾದರೆ ನೂರು ಜನಕ್ಕೆ ಗುಣಿಸಿಕೊಳ್ಳುವುದು ಕಷ್ಟವಲ್ಲ.

ಮಣಿಪಾಲದ ಲೆಕ್ಕ

ಜಿಲ್ಲೆಯಲ್ಲಿ ಹೊರಗಿನವರು ಅತಿ ಹೆಚ್ಚು ಕಾಣುವುದು ಮಣಿಪಾಲದಲ್ಲಿ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದರು. ದೇಶದ ಮೊದಲ ಖಾಸಗಿ ವೈದ್ಯಕೀಯ ಕಾಲೇಜು ಅದು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು, 1993ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ. 1997ರಿಂದ ಮಲೇಷ್ಯಾದ ವೈದ್ಯ ವಿದ್ಯಾರ್ಥಿಗಳ ತಂಡಗಳೂ ಮೊದಲ ಎರಡೂವರೆ ವರ್ಷ ಓದಲು ಇಲ್ಲಿಗೆ ಬಂದವು. ಕಸ್ತೂರ್ಬಾ ಆಸ್ಪತ್ರೆಯಲ್ಲಿ ಹಾಸಿಗೆಗಳ ಸಂಖ್ಯೆ 2,000ಕ್ಕೂ ಹೆಚ್ಚು. ಆ ಹಾಸಿಗೆಗಳ ಮೇಲಿರುವವರು ಬಹುಪಾಲು ಈ ಜಿಲ್ಲೆಯವರು, ಇಲ್ಲವೇ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ದಾವಣಗೆರೆ, ಹಾವೇರಿ ಕಡೆಯವರು. ಅವರಿಗೆ ತಮ್ಮ ನೋವನ್ನು ಹೇಳಿಕೊಳ್ಳಲು ಕನ್ನಡ ಬೇಕು.

ವೈದ್ಯ ವಿದ್ಯಾರ್ಥಿಗೆ ಸಿಗುವ ಕನ್ನಡವೆಷ್ಟು? 2019ರಲ್ಲಿ ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ತಂದಾಗ ಆರಂಭದಲ್ಲಿ 175 ಗಂಟೆಯ ಬುನಾದಿ ಕೋರ್ಸ್ ಇಟ್ಟಿತು. ಅದರಲ್ಲಿ ಪರಿಚಯಕ್ಕೆ 30 ಗಂಟೆ, ಕೌಶಲಕ್ಕೆ 35, ಸಮುದಾಯ ಆರೋಗ್ಯ ಕೇಂದ್ರದ ಭೇಟಿಗೆ 8, ವೃತ್ತಿ ನೀತಿಗೆ 40, ಆಟೋಟಕ್ಕೆ 22. ಭಾಷೆ ಮತ್ತು ಕಂಪ್ಯೂಟರ್ ಎರಡಕ್ಕೂ ಸೇರಿ ಉಳಿದದ್ದು 40 ಗಂಟೆ. ಸ್ಥಳೀಯ ಭಾಷೆಗೆ ಜಾಗ ಕೊಟ್ಟದ್ದು ಒಳ್ಳೆಯ ಹೆಜ್ಜೆ, ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಆ 40 ಗಂಟೆಯನ್ನು ಪೂರ್ತಿಯಾಗಿ ಕನ್ನಡಕ್ಕೇ ಕೊಟ್ಟರೂ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ, ಅಂದರೆ 66 ತಿಂಗಳ ಓದಿಗೆ ಹಂಚಿದರೆ ತಿಂಗಳಿಗೆ 36 ನಿಮಿಷ. ಎಂಜಿನಿಯರಿಂಗ್ ಕಡೆ ಇನ್ನೂ ಬಡತನ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಕನ್ನಡೇತರರಿಗೆ ಇರುವ 'ಬಳಕೆ ಕನ್ನಡ' ಒಂದೇ ಕ್ರೆಡಿಟ್‌ನದು. ವಾರಕ್ಕೊಂದು ಗಂಟೆಯಂತೆ ಒಂದು ಸೆಮಿಸ್ಟರ್ ಎಂದರೆ 15 ಗಂಟೆಯ ಆಸುಪಾಸು. ನಾಲ್ಕು ವರ್ಷಕ್ಕೆ ಹಂಚಿದರೆ ತಿಂಗಳಿಗೆ 19 ನಿಮಿಷ.

ವೈದ್ಯರ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಭಾಷೆಯ ಕೊರತೆಗೆ ಅತಿ ದುಬಾರಿ ಬೆಲೆ ತೆರುವುದು ಅಲ್ಲಿಯೇ. ಹೊರರಾಜ್ಯದಿಂದ ಬಂದ ಸ್ನಾತಕೋತ್ತರ ವೈದ್ಯರೊಬ್ಬರು ಹೊರರೋಗಿ ವಿಭಾಗದಲ್ಲಿ ದಿನಕ್ಕೆ 30 ಜನರನ್ನು ನೋಡುತ್ತಾರೆ ಎಂದಿಟ್ಟುಕೊಳ್ಳಿ. ನರ್ಸ್ ಅಥವಾ ಆಯಾ ನಡುವೆ ನಿಂತು ಮಾತು ದಾಟಿಸಬೇಕು. ಪ್ರತಿ ಪ್ರಶ್ನೆ ಎರಡು ಸಲ, ಪ್ರತಿ ಉತ್ತರ ಎರಡು ಸಲ. ಒಬ್ಬ ರೋಗಿಗೆ ಹೆಚ್ಚುವರಿ 3 ನಿಮಿಷ ಎಂದರೆ ಅದು ಬಹಳ ಉದಾರ ಲೆಕ್ಕ. ಅಷ್ಟಕ್ಕೇ ದಿನಕ್ಕೆ 90 ನಿಮಿಷ ಹೋಗುತ್ತದೆ. ವರ್ಷಕ್ಕೆ 280 ಕೆಲಸದ ದಿನದಂತೆ ಮೂರು ವರ್ಷಕ್ಕೆ 840 ದಿನ. ಒಟ್ಟು 1,260 ಗಂಟೆ. 200 ಗಂಟೆ ಕನ್ನಡ ಕಲಿತರೆ ಆ ಹೂಡಿಕೆ 133 ಕೆಲಸದ ದಿನಗಳಲ್ಲಿ, ಅಂದರೆ ಆರು ತಿಂಗಳೊಳಗೆ ಮರಳಿ ಬರುತ್ತದೆ. ಉಳಿದ ಎರಡೂವರೆ ವರ್ಷದಷ್ಟು ಕಾಲ ಅದು ಬರಿಯ ಲಾಭ. ಈ ಲೆಕ್ಕದಲ್ಲಿ ನರ್ಸಿನ 1,260 ಗಂಟೆಯನ್ನೂ, ಹೊರಗೆ ಬೆಂಚಿನ ಮೇಲೆ ಸರದಿ ಕಾಯುವವರ ಹೊತ್ತನ್ನೂ ನಾನು ಸೇರಿಸಿಲ್ಲ. ಮೂರನೆಯವರ ಎದುರು ಹೇಳಿಕೊಳ್ಳಲಾಗದೆ ಹೆಣ್ಣುಮಕ್ಕಳು ನುಂಗಿಕೊಳ್ಳುವ ತೊಂದರೆಗಳಿಗಂತೂ ನಿಮಿಷದ ಲೆಕ್ಕವೇ ಸಾಲದು.

ಆ 200 ಗಂಟೆಯಲ್ಲಿ ಏನಿರಬೇಕು ಎಂಬುದು ಕಷ್ಟದ ಪ್ರಶ್ನೆಯಲ್ಲ. ದೇಹದ ಭಾಗಗಳು, ಎದೆ ಉರಿ, ಸಂಕಟ, ಜೋಮು, ತಲೆಸುತ್ತು, ಎಷ್ಟು ದಿನದಿಂದ, ಊಟಕ್ಕೆ ಮುಂಚೆಯೋ ಆಮೇಲೋ, ಮಾತ್ರೆ ಬಿಟ್ಟದ್ದು ಯಾಕೆ, ಮನೆಯಲ್ಲಿ ನೋಡಿಕೊಳ್ಳುವವರು ಯಾರು. ಕಥೆ, ಕಾವ್ಯ, ವ್ಯಾಕರಣ ಆಮೇಲೆ ಬರಲಿ.

ಕುರ್ಚಿ ಮೇಲೇರಿದಂತೆ ಭಾಷೆ ಸಡಿಲ

ಉಡುಪಿ ಬ್ಯಾಂಕುಗಳ ತವರು. ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ್ದು 1906ರಲ್ಲಿ ಉಡುಪಿಯಲ್ಲಿ, ಹಾಜಿ ಅಬ್ದುಲ್ಲಾ ಅವರ ಮುಂದಾಳತ್ವದಲ್ಲಿ. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲೇ, ₹8,000 ಬಂಡವಾಳದೊಂದಿಗೆ. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರು ಮಾಡಿತು: ಮನೆ ಬಾಗಿಲಿಗೆ, ಅಂಗಡಿ ಜಗಲಿಗೆ ಹೋಗಿ ದಿನಕ್ಕೆ 2 ಆಣೆ ಸಂಗ್ರಹ. ವರ್ಷವಿಡೀ ಕಟ್ಟಿದರೆ ಒಬ್ಬರದು 730 ಆಣೆ, ಅಂದರೆ ₹45 ಮತ್ತು 10 ಆಣೆ. ಸುಮಾರು 175 ಜನ ಹೀಗೆ ಒಂದು ವರ್ಷ ಕಟ್ಟಿದರೆ ಬ್ಯಾಂಕಿನ ಮೂಲ ಬಂಡವಾಳದಷ್ಟೇ ಮೊತ್ತ. ಮೀನು ಮಾರುವವರು, ನೇಕಾರರು, ಚಿಲ್ಲರೆ ಅಂಗಡಿಯವರು ಆ 2 ಆಣೆಯನ್ನು ಇನ್ನೊಬ್ಬರ ಕೈಗೆ ಹಾಕಿದ್ದು ಬಂದವರು ತಮ್ಮ ಮಾತಾಡುತ್ತಿದ್ದರು ಎಂಬ ನಂಬಿಕೆಯ ಮೇಲೆ. ತುಳುವಿನಲ್ಲಿ, ಕೊಂಕಣಿಯಲ್ಲಿ, ಕನ್ನಡದಲ್ಲಿ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದವು. ಸರ್ಕಾರಿ ಬ್ಯಾಂಕಿನ ಗುಮಾಸ್ತರ ನೇಮಕಾತಿಯಲ್ಲಿ ಆಯಾ ರಾಜ್ಯದ ಆಡಳಿತ ಭಾಷೆ ಬಲ್ಲವರಾಗಿರಬೇಕು ಎಂಬ ಷರತ್ತಿದೆ. ಅಧಿಕಾರಿಗಳ ಸಾಮಾನ್ಯ ನೇಮಕಾತಿಯಲ್ಲಿ ಆ ಷರತ್ತಿಲ್ಲ, ಅವರು ದೇಶದ ಯಾವ ಮೂಲೆಗೂ ವರ್ಗವಾಗುವವರು. ಪಾಸ್‌ಬುಕ್ ಎಂಟ್ರಿ ಮಾಡಿಕೊಡುವವರಿಗೆ ಕನ್ನಡ ಕಡ್ಡಾಯ. ಸಾಲ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರಿಗೆ ಬೇಡ. ಈ ತಲೆಕೆಳಗಿನ ಕ್ರಮ ನನಗೆ ಒಪ್ಪಿಗೆಯಿಲ್ಲ. ಒಂದು ಕುರ್ಚಿಗೆ ಜನರ ಬದುಕಿನ ಮೇಲೆ ಎಷ್ಟು ಅಧಿಕಾರವಿದೆಯೋ, ಅಲ್ಲಿ ಕೂತವರಿಂದ ಅಷ್ಟೇ ಹೆಚ್ಚಿನ ಭಾಷೆಯನ್ನು ನಿರೀಕ್ಷಿಸಬೇಕು.

ಖರ್ಚೂ ಹೆಚ್ಚಿಲ್ಲ. 10 ಅಧಿಕಾರಿಗಳ ಒಂದು ತಂಡಕ್ಕೆ 200 ಗಂಟೆ ಕಲಿಸಲು ₹1 ಲಕ್ಷ, ತಲಾ ₹10,000. ಮೂರು ವರ್ಷದ ಅವಧಿಗೆ ಹಂಚಿದರೆ ದಿನಕ್ಕೆ ₹9 ಚಿಲ್ಲರೆ. ಹೊತ್ತಿನ ಲೆಕ್ಕದಲ್ಲಿ ವಾರಕ್ಕೆ 1 ಗಂಟೆ 17 ನಿಮಿಷ. ಸಂಬಳದ ಹೊತ್ತಿನೊಳಗೇ ಇದನ್ನು ಹೊಂದಿಸಬಹುದು. ಬ್ಯಾಂಕಿಗೆ, ಆಸ್ಪತ್ರೆಗೆ, ವಿದ್ಯುತ್ ಸ್ಥಾವರಕ್ಕೆ ಇದೇ ಲೆಕ್ಕ ಸಲ್ಲುತ್ತದೆ. ಇಷ್ಟು ಸಣ್ಣ ಮೊತ್ತಕ್ಕೆ ಕೊರತೆಯ ನೆಪ ಹೇಳಲು ಯಾವ ದೊಡ್ಡ ಸಂಸ್ಥೆಗೂ ಸಾಧ್ಯವಿಲ್ಲ.

ಕೂಲಿಯವನ ಜೇಬು

ಕಾಪು ತಾಲ್ಲೂಕಿನ ನಂದಿಕೂರು–ಯಲ್ಲೂರು ಬಳಿ 600 ಮೆಗಾವಾಟ್‌ನ ಎರಡು ಘಟಕಗಳ, ಒಟ್ಟು 1,200 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರವಿದೆ. ಪಾದೂರಿನಲ್ಲಿ ನೆಲದಡಿ ಬಂಡೆ ಕೊರೆದು ಮಾಡಿದ 25 ಲಕ್ಷ ಟನ್ ಸಾಮರ್ಥ್ಯದ ಕಚ್ಚಾ ತೈಲದ ಸಂಗ್ರಹಾಗಾರವಿದೆ. ಪಡುಬಿದ್ರಿಯಲ್ಲಿ ಗಾಳಿಯಂತ್ರದ ಕಾರ್ಖಾನೆ ಬಂತು. ಕಾರ್ಕಳದ ಕಡೆ ಕಲ್ಲಿನ ಕೋರೆ, ಕ್ರಷರ್, ಗೇರುಬೀಜದ ಕಾರ್ಖಾನೆ. ಮಣಿಪಾಲದಲ್ಲಿ ಬಹುಮಹಡಿ ಕಟ್ಟಡಗಳು. ಮಲ್ಪೆಯಲ್ಲಿ ಬೋಟು. ಸೆಂಟ್ರಿಂಗ್, ಸಾರಣೆ, ಟೈಲ್ಸ್, ವೆಲ್ಡಿಂಗ್, ಬಲೆ ಎಳೆಯುವ ಕೆಲಸಕ್ಕೆ ಒಡಿಶಾ, ಜಾರ್ಖಂಡ್, ಬಿಹಾರ, ಪಶ್ಚಿಮ ಬಂಗಾಳ, ಅಸ್ಸಾಂನಿಂದ ಬಂದವರು ಇದ್ದಾರೆ. ಇವರ ಜೊತೆಗೇ ಬಾಗಲಕೋಟೆ, ಕೊಪ್ಪಳ, ರಾಯಚೂರಿನಿಂದ ಬಂದವರೂ ಇದ್ದಾರೆ. ಅವರ ಮನೆಮಾತೇ ಕನ್ನಡ. 'ಹೊರಗಿನವರು' ಎಂದು ಎಲ್ಲರನ್ನೂ ಒಂದೇ ಉಸಿರಿನಲ್ಲಿ ಹೇಳುವಾಗ ಈ ಕನ್ನಡಿಗರನ್ನೂ ಸೇರಿಸಿ ನೋಯಿಸುತ್ತೇವೆ ಎಂಬುದು ನೆನಪಿರಬೇಕು.

20 ಕಾರ್ಮಿಕರ ಒಂದು ತಂಡಕ್ಕೆ 60 ಗಂಟೆ ಕಲಿಸಲು ₹30,000. ತಲಾ ₹1,500, ಪುಸ್ತಕ ಸೇರಿ ₹1,600. ಆದರೆ ಈ 60 ಗಂಟೆ ಅವರಿಗೆ ಏಳೂವರೆ ದಿನದ ದುಡಿಮೆ, ಅಂದರೆ ₹5,250 ಕೂಲಿ. ಎರಡೂ ಸೇರಿ ಒಬ್ಬರು ಕನ್ನಡ ಕಲಿಯುವುದರ ನಿಜವಾದ ಬೆಲೆ ₹6,850. ತರಗತಿಯನ್ನು ಸರ್ಕಾರ ಉಚಿತವಾಗಿ ಮಾಡಿದರೂ ಆ ಬೆಲೆಯ ಶೇ 77ರಷ್ಟು ಕಾರ್ಮಿಕರ ಜೇಬಿನಿಂದಲೇ ಹೋಗುತ್ತದೆ. ಸಂಜೆ ಕಲಿಸಿದರೆ ಕೂಲಿ ಉಳಿಯುತ್ತದೆ ಎನ್ನಬಹುದು. ಆಗ ಹೋಗುವುದು ನಿದ್ದೆ, ಅಡುಗೆ, ಊರಿಗೆ ಫೋನು ಮಾಡುವ ಹೊತ್ತು. ವಾರಕ್ಕೆ ಮೂರು ಗಂಟೆಯಂತೆ ಹಿಡಿದರೆ 20 ವಾರ ಬೇಕು. ಅಷ್ಟರಲ್ಲಿ ಎಷ್ಟೋ ಜನ ಬೇರೆ ಸೈಟಿಗೆ ಹೋಗಿರುತ್ತಾರೆ. ಉಚಿತ ತರಗತಿಗೆ ಜನ ಬರಲಿಲ್ಲ ಎಂದು ದೂರುವ ಮೊದಲು ಈ ₹5,250ನ್ನು ಕಾಗದದ ಮೇಲೆ ಬರೆದು ನೋಡಬೇಕು.

ಈ ಹಣ ಎಲ್ಲಿಂದ ಬರಬೇಕು ಎಂಬುದಕ್ಕೆ ದಾರಿ ಈಗಾಗಲೇ ಇದೆ. 1996ರ ಕಾನೂನಿನಿಂದ ಬಂದ ಪದ್ಧತಿಯಂತೆ ಕಟ್ಟಡ ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣಕ್ಕೆ ಹೋಗುತ್ತದೆ. ವರ್ಷದಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದ 18ರಿಂದ 60 ವಯಸ್ಸಿನ ಯಾರೇ ಆದರೂ, ಯಾವ ರಾಜ್ಯದವರಾದರೂ, ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ₹1 ಕೋಟಿಯ ಕಟ್ಟಡದಿಂದ ಬರುವ ಸೆಸ್ ₹1 ಲಕ್ಷ. ಪುಸ್ತಕ ಸೇರಿ ತಂಡಕ್ಕೆ ₹32,000ದಂತೆ ಮೂರು ತಂಡಗಳಿಗೆ, ಅಂದರೆ 60 ಜನರಿಗೆ ಕಲಿಸಲು ಅದು ಸಾಕು. ಅರ್ಧ ಕೂಲಿಯನ್ನೂ ಕೊಡುವುದಾದರೆ ಒಂದು ತಂಡಕ್ಕೆ ₹84,500 ಆಗುತ್ತದೆ. ₹10 ಕೋಟಿಯ ಒಂದು ವಸತಿ ಸಮುಚ್ಚಯದ ಸೆಸ್ಸಿನಲ್ಲಿ 11 ತಂಡ, 220 ಜನ. ಆ ಕಟ್ಟಡವನ್ನು ಕಟ್ಟಿದವರ ದುಡಿಮೆಯ ಹೆಸರಿನಲ್ಲೇ ಕೂಡಿದ ಹಣ ಇದು, ಅವರ ಕಲಿಕೆಗೆ ಬಳಸಿದರೆ ಯಾರ ಪಾಲನ್ನೂ ಕಿತ್ತುಕೊಂಡಂತಾಗದು.

ಮಲ್ಪೆಯ ಬೋಟಿನವರಿಗೆ ಈ ಸೆಸ್ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ತರಗತಿ ಮಾಡಲು ಹೇಳಿ ಮಾಡಿಸಿದ ಕಾಲವೆಂದು ತೋರಿದರೂ ಆ ಹೊತ್ತಿಗೆ ಹೊರರಾಜ್ಯದವರು ಊರು ಸೇರಿರುತ್ತಾರೆ. ಉಳಿದ 304 ದಿನ ಆಳಸಮುದ್ರದ ಬೋಟು ಒಮ್ಮೆ ಹೋದರೆ ಎಷ್ಟೋ ದಿನ ನೀರಿನ ಮೇಲೆ. ಅವರಿಗೆ ಫೋನಿಗೆ ಇಳಿಸಿಕೊಡುವ 20 ನಿಮಿಷದ ಧ್ವನಿ ಪಾಠಗಳೇ ಸರಿ. 180 ದಿನಕ್ಕೆ 60 ಗಂಟೆ ತುಂಬುತ್ತದೆ. ತಾಂಡೇಲರು ಅದೇ ಪದಗಳನ್ನು ಬೋಟಿನಲ್ಲಿ ಬಳಸಿದರೆ ಪಾಠ ಗಟ್ಟಿಯಾಗುತ್ತದೆ. ತರಗತಿಯ ದರವನ್ನೇ ಹಾಕಿ ನೋಡಿದರೂ ಎಂಟು ಜನರಿರುವ ಬೋಟಿಗೆ ₹12,800. ಋತುವಿಗೆ ಹಂಚಿದರೆ ದಿನಕ್ಕೆ ₹42. ಅರ್ಧ ಲೀಟರ್ ಡೀಸೆಲ್‌ನ ಆಸುಪಾಸಿನ ಖರ್ಚು. ಗಾಳಿ ಎದ್ದಾಗ, ಹಗ್ಗ ಬಿಗಿದಾಗ, ವಿಂಚಿಗೆ ಕೈ ಸಿಕ್ಕಾಗ ಕೂಗಿದ ಮಾತು ಎಲ್ಲರಿಗೂ ಅರ್ಥವಾಗಬೇಕು. ಅಷ್ಟಕ್ಕಾದರೂ ₹42 ದೊಡ್ಡದಲ್ಲ.

ನೆರೆಯ ಕೇರಳ ಈ ದಾರಿಯಲ್ಲಿ ನಮಗಿಂತ ಮುಂದೆ ಹೋಗಿದೆ. 2013ರಲ್ಲಿ ಗುಲಾಟಿ ಸಂಸ್ಥೆಯ ಅಧ್ಯಯನ ಅಲ್ಲಿ ಸುಮಾರು 25 ಲಕ್ಷ ವಲಸೆ ಕಾರ್ಮಿಕರಿದ್ದಾರೆ, ಅವರು ವರ್ಷಕ್ಕೆ ₹17,500 ಕೋಟಿ ಊರಿಗೆ ಕಳಿಸುತ್ತಾರೆ ಎಂದು ಅಂದಾಜಿಸಿತು. 2017ರಲ್ಲಿ ರಾಜ್ಯ ಸಾಕ್ಷರತಾ ಮಿಷನ್ ಪೆರುಂಬಾವೂರಿನಲ್ಲಿ 'ಚಂಙಾದಿ' ಎಂಬ ಯೋಜನೆ ಶುರು ಮಾಡಿತು. ಹಿಂದಿ ಬಲ್ಲ ಕಾರ್ಮಿಕರಿಗೆ ಮಲಯಾಳಂ ಕಲಿಸಲು 'ಹಮಾರಿ ಮಲಯಾಳಂ' ಎಂಬ ಪಠ್ಯಪುಸ್ತಕವನ್ನೇ ಬರೆಸಿತು. ಕಲಿಯಿರಿ ಎಂದು ಗದರಿಸುವ ಮೊದಲು ಪುಸ್ತಕ ಕೈಗಿಟ್ಟ ರಾಜ್ಯ ಅದು.

ಜರ್ಮನಿಯ ಲೆಕ್ಕ ಇನ್ನೂ ಖಡಕ್ಕಾಗಿದೆ. 2005ರಿಂದ ಅಲ್ಲಿ ನೆಲೆಸಲು ಬರುವವರಿಗೆ ಸರ್ಕಾರವೇ ಕೋರ್ಸ್ ನಡೆಸುತ್ತದೆ. ಈಗಿನ ಸಾಮಾನ್ಯ ಕೋರ್ಸಿನಲ್ಲಿ ಭಾಷೆಗೆ 600, ದೇಶದ ಪರಿಚಯಕ್ಕೆ 100, ಒಟ್ಟು 700 ಪಾಠ, ತಲಾ 45 ನಿಮಿಷ. ಗಡಿಯಾರದ ಲೆಕ್ಕದಲ್ಲಿ 525 ಗಂಟೆ. ಕಲಿಯುವವರು ಪಾಠವೊಂದಕ್ಕೆ 2.29 ಯೂರೊ ಕಟ್ಟಬೇಕು. ಒಟ್ಟು 1,603 ಯೂರೊ. ಯೂರೊಗೆ ₹95 ಹಿಡಿದರೆ ₹1.52 ಲಕ್ಷ. ಸರ್ಕಾರದ ನೆರವಿನಲ್ಲಿ ಬದುಕುವವರಿಗೆ ಇದು ಮಾಫಿ. ಎರಡು ವರ್ಷದೊಳಗೆ ಪಾಸಾದವರಿಗೆ ಕಟ್ಟಿದ್ದರಲ್ಲಿ ಅರ್ಧ ವಾಪಸ್. ಬೇರೆ ದೇಶದಿಂದ ಬಂದವರ ಮೇಲೆ ಹಾಕುವ ಇಂಥ ಕಟ್ಟಳೆಯನ್ನು ನಮ್ಮ ದೇಶದೊಳಗೆ ಓಡಾಡುವವರ ಮೇಲೆ ಹಾಕಲಾಗದು. ಎಲ್ಲಿ ಬೇಕಾದರೂ ಹೋಗಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಜರ್ಮನಿಯಿಂದ ನಾವು ತೆಗೆದುಕೊಳ್ಳಬೇಕಾದದ್ದು ಕಟ್ಟಳೆಯನ್ನು ಬಿಟ್ಟು ಉಳಿದದ್ದನ್ನು: ಗಂಟೆ ಎಣಿಸಿ, ಪಾಠ ಬರೆದು, ಅರ್ಧ ಭಾರ ಸರ್ಕಾರ ಹೊರುವ ಕ್ರಮವನ್ನು.

ನಮ್ಮ ಕಾನೂನು, ಮಸೂದೆ, ವರದಿಗಳಲ್ಲಿ ವರ್ಷ ಸಿಗುತ್ತದೆ, ಶೇಕಡಾವಾರು ಸಿಗುತ್ತದೆ. 1986ರ ಸರೋಜಿನಿ ಮಹಿಷಿ ವರದಿ 15 ವರ್ಷ ಇಲ್ಲಿ ನೆಲೆಸಿ ಕನ್ನಡ ಓದು, ಬರಹ, ಮಾತು ಬಲ್ಲವರನ್ನು ಕನ್ನಡಿಗರೆಂದಿತು. 2015ರ ಕಾಯ್ದೆ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯ ಮಾಡಿತು. 2024ರ ತಿದ್ದುಪಡಿ ನಾಮಫಲಕದಲ್ಲಿ ಶೇ 60 ಕನ್ನಡ ಬೇಕೆಂದಿತು. ಅದೇ ವರ್ಷ ಜುಲೈಯಲ್ಲಿ ಸಂಪುಟ ಒಪ್ಪಿ, ಬೆನ್ನಿಗೇ ತಡೆಹಿಡಿದ ಉದ್ಯೋಗ ಮಸೂದೆ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂದಿತ್ತು. ದೊಡ್ಡವರಿಗೆ ಕಲಿಸಲು ಎಷ್ಟು ಗಂಟೆ, ಎಷ್ಟು ಮೇಷ್ಟ್ರು ಎಂಬ ಸಾಲು ಬಜೆಟ್ಟಿನಲ್ಲಿ ದೊಡ್ಡದಾಗಿ ಕಾಣುವವರೆಗೆ ಇವೆಲ್ಲ ಅರ್ಧ ಕೆಲಸ.

ಮಕ್ಕಳು ಕಲಿಯುತ್ತಾರೆ

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ. 6ರಿಂದ 8ಕ್ಕೆ 220 ದಿನ, 1,000 ಗಂಟೆ. ಒಡಿಶಾದ ಕಾರ್ಮಿಕರ ಮಗು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಒಂದು ವರ್ಷ ಕೂತರೆ ಬ್ಯಾಂಕ್ ಅಧಿಕಾರಿಯಿಂದ ನಾನು ಕೇಳುವ ಕಲಿಕೆಯ ನಾಲ್ಕರಷ್ಟು ಕನ್ನಡ ಅದರ ಕಿವಿಗೆ ಬೀಳುತ್ತದೆ. ಮಕ್ಕಳಿಲ್ಲದೆ ಸೊರಗುತ್ತಿರುವ ಕರಾವಳಿಯ ಕನ್ನಡ ಶಾಲೆಗಳಿಗೆ ಈ ಮಕ್ಕಳು ಬಲ. ನಮ್ಮ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳಿಸಿ, ಪಕ್ಕದ ಶಾಲೆಯಲ್ಲಿ ಕನ್ನಡದಲ್ಲೇ ಮಗ್ಗಿ ಹೇಳುತ್ತಿರುವ ಈ ಮಕ್ಕಳ ಅಪ್ಪಂದಿರಿಗೆ ಕನ್ನಡ ಬಾರದೆಂದು ಬೈಯುವುದು ನ್ಯಾಯವಲ್ಲ. ಒಂದು ಎಚ್ಚರ ಮಾತ್ರ ಬೇಕು. ಆಸ್ಪತ್ರೆಗೆ, ಬ್ಯಾಂಕಿಗೆ ಅಪ್ಪ ಅಮ್ಮನ ಜೊತೆ ಮಾತು ದಾಟಿಸಲು ಹೋಗುವ ಮಗು ಪ್ರತಿ ಸಲ 4 ಗಂಟೆಯ ಪಾಠ ಕಳೆದುಕೊಳ್ಳುತ್ತದೆ. ಅಪ್ಪನಿಗೆ 60 ಗಂಟೆ ಕಲಿಸಿದರೆ ಮಗುವಿನ ಶಾಲೆಯೂ ಉಳಿಯುತ್ತದೆ.

ವಲಸೆಯ ಇನ್ನೊಂದು ಬದಿ ಈ ಜಿಲ್ಲೆಗೆ ಚೆನ್ನಾಗಿ ಗೊತ್ತು. ಮುಂಬೈಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಸ್ಥಾಪನೆಯಾದದ್ದು 1902ರಲ್ಲಿ. ಮಾಟುಂಗಾದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ. ಹತ್ತು ಹನ್ನೆರಡು ವರ್ಷಕ್ಕೇ ಊರು ಬಿಟ್ಟು ಹೋಗಿ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ಅಲ್ಲಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು, ಗಲ್ಲೆಯ ಬದಿ ನಿಂತು ಮರಾಠಿ, ಹಿಂದಿ, ಗುಜರಾತಿ ಕಲಿತರು. ರಾತ್ರಿಗೆ 2 ಗಂಟೆಯಂತೆ ವರ್ಷಕ್ಕೆ 200 ರಾತ್ರಿ ಎಂದರೂ 400 ಗಂಟೆ. ಆ ಶಾಲೆಗಳು ನಡೆದದ್ದು ಜಾತಿ ಸಂಘಗಳು, ಊರಿನ ಸಂಘಗಳು ಕೂಡಿಸಿದ ಹಣದಿಂದ, ಸಂಜೆ ಹುಡುಗರನ್ನು ಕೆಲಸದಿಂದ ಬಿಟ್ಟ ಮಾಲೀಕರ ಒಪ್ಪಿಗೆಯಿಂದ. ಇವತ್ತು ನಮ್ಮ ಹೋಟೆಲುಗಳಲ್ಲಿ ಸಪ್ಲೈಯರ್ ಆಗಿರುವ ಅಸ್ಸಾಂ, ನೇಪಾಳದ ಹುಡುಗರಿಗೆ ಅಷ್ಟನ್ನಾದರೂ ಮಾಡುವ ಋಣ ನಮ್ಮ ಮೇಲಿದೆ. ದುಬೈ, ಕುವೈತಿಗೆ ಹೋದ ನಮ್ಮವರಾದರೋ ದಶಕಗಟ್ಟಲೆ ಇದ್ದರೂ ಹೆಚ್ಚಿನವರು ಅರಬ್ಬಿ ಕಲಿಯಲಿಲ್ಲ. ಅಲ್ಲಿ ಯಾರೂ ಕೇಳಲಿಲ್ಲ, ಏಕೆಂದರೆ ಅಲ್ಲೇ ಉಳಿಯಿರಿ ಎಂದೂ ಯಾರೂ ಹೇಳಲಿಲ್ಲ. ಕಲಿಯಿರಿ ಎಂದು ಕೇಳುವುದರಲ್ಲಿ ಉಳಿಯಿರಿ ಎಂಬ ಒಪ್ಪಿಗೆಯೂ ಸೇರಿರುತ್ತದೆ.

ಹಾಗಾದರೆ ಯಾವ ಭಾಷೆ? ಬ್ರಹ್ಮಾವರ ದಾಟಿ ಉತ್ತರಕ್ಕೆ ಹೋದರೆ ಕುಂದಾಪ್ರ ಕನ್ನಡ. ಉಡುಪಿ, ಕಾಪು, ಕಾರ್ಕಳದ ಪೇಟೆಯಲ್ಲಿ ತುಳು. ಅಂಗಡಿಯ ಒಳಗೆ ಕೊಂಕಣಿ, ಬ್ಯಾರಿ, ಉರ್ದು. 2011ರಲ್ಲಿ ದೇಶದಲ್ಲಿ ತುಳು ಮಾತೃಭಾಷೆಯವರು 18,46,427. ಆದರೂ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಅದಕ್ಕೆ ಜಾಗವಿಲ್ಲ. ಕಚೇರಿ, ಆಸ್ಪತ್ರೆ, ಬ್ಯಾಂಕು, ಶಾಲೆಗೆ ಕನ್ನಡ ಎಂಬುದು ನನ್ನ ನಿಲುವು. ದಕ್ಕೆಯಲ್ಲಿ, ಸೈಟಿನಲ್ಲಿ ಮೊದಲು ತುಳು ಬಂದರೆ ಅದೂ ಕಲಿಕೆಯೇ, ಅದನ್ನು ಅಂಕದಿಂದ ಕಳೆಯಬಾರದು. ಗೋವೆಯಲ್ಲಿ ಪೋರ್ಚುಗೀಸರ ಕಾಟ ತಡೆಯಲಾರದೆ ಬಂದ ಕೊಂಕಣಿಗರು ಮನೆಯಲ್ಲಿ ಕೊಂಕಣಿ ಉಳಿಸಿಕೊಂಡೇ ತುಳು, ಕನ್ನಡ ಕಲಿತರು. ಆ ಮನೆಮಾತಿನ ಮಂಜೇಶ್ವರದ ಗೋವಿಂದ ಪೈ 1949ರಲ್ಲಿ ರಾಷ್ಟ್ರಕವಿ ಎನಿಸಿದ್ದು ಕನ್ನಡದ ಕವಿಯಾಗಿ. 1836ರಲ್ಲಿ ಜರ್ಮನಿಯಿಂದ ಬಂದ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. ಏಳು ವರ್ಷದ ಅಂತರ. 1853ರಲ್ಲಿ ಬಂದ ಕಿಟೆಲರ ನಿಘಂಟು 1894ರಲ್ಲಿ ಹೊರಬಂತು, 41 ವರ್ಷದ ನಂತರ.

ಬಂದವರಿಗೂ ಗಡಿಯೇ ಸರಿದು ಬಂದವರಿಗೂ ವ್ಯತ್ಯಾಸವಿದೆ ಎಂಬುದನ್ನೂ ಇಲ್ಲೇ ಹೇಳಬೇಕು. 1956ರ ನವೆಂಬರ್ 1ರಂದು ಕಾಸರಗೋಡಿನ ಕನ್ನಡಿಗರು ಮನೆಯಲ್ಲೇ ಇದ್ದರು, ರಾಜ್ಯ ಬದಲಾಯಿತು. ಅವರ ಮೇಲೆ 2017ರ ಮಲಯಾಳಂ ಕಡ್ಡಾಯ ಕಾಯ್ದೆಯ ಭಾರ ಬಿದ್ದಾಗ ನಾವು ಪ್ರತಿಭಟಿಸಿದ್ದು ಸರಿ. ವಲಸೆ ಬಂದವರಿಗೆ ಹಾಕುವ ಅಳತೆಯನ್ನು ನೆಲದವರಿಗೆ ಹಾಕಬಾರದು.

ಇನ್ನು ಖರ್ಚೇ ಇಲ್ಲದ ಒಂದು ಬಾಬತ್ತು. ಅಪಾರ್ಟ್‌ಮೆಂಟಿನ ಕಾವಲುಗಾರ, ಹೋಟೆಲಿನ ಸಪ್ಲೈಯರ್, ಸೆಲೂನಿನ ಹುಡುಗ ದಿನಕ್ಕೆ ಅರ್ಧ ಗಂಟೆಯಾದರೂ ನಮ್ಮೊಡನೆ ಮಾತಾಡುತ್ತಾರೆ. 300 ದಿನಕ್ಕೆ 150 ಗಂಟೆ. ಮೇಷ್ಟ್ರಿಟ್ಟು ಕೊಡಿಸಿದರೆ ₹75,000 ಬೀಳುವ ಅಭ್ಯಾಸ. ಅವರನ್ನು ಕಂಡ ಕೂಡಲೇ ಹಿಂದಿಗೆ ಹೊರಳಿ ಆ 150 ಗಂಟೆಯನ್ನು ನಾವೇ ಕಿತ್ತುಕೊಳ್ಳುತ್ತಿದ್ದೇವೆ. ನಿಧಾನವಾಗಿ, ಸಣ್ಣ ವಾಕ್ಯದಲ್ಲಿ, ತಪ್ಪಿದರೆ ನಗದೆ ಕನ್ನಡದಲ್ಲೇ ಮಾತಾಡುವುದು ಈ ಜಿಲ್ಲೆಯ ಪ್ರತಿ ಮನೆಯ ಕೈಲಾಗುವ ಕೆಲಸ.

ಮಣಿಪಾಲ, ಮಲ್ಪೆ, ಕಾಪು, ಕಾರ್ಕಳದಲ್ಲಿ ತಲಾ ಒಂದು ತಂಡ, 80 ಜನ, 60 ಗಂಟೆ: ಒಟ್ಟು ₹1,28,000. ಜಿಲ್ಲಾಡಳಿತ, ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಕಾರ್ಮಿಕ ಇಲಾಖೆ ಒಟ್ಟಾಗಿ ಕೂತರೆ ಒಂದು ವಾರದಲ್ಲಿ ಮಂಜೂರು ಮಾಡಬಹುದಾದ ಮೊತ್ತ. ಬರುವ ನವೆಂಬರ್ 1ರ ರಾಜ್ಯೋತ್ಸವಕ್ಕೆ ಮೊದಲು ಈ ನಾಲ್ಕು ತರಗತಿಗಳನ್ನು ತೆರೆಯಿರಿ, ಕಲಿಯಲು ಬಂದವರಿಗೆ ಅರ್ಧ ಕೂಲಿಯನ್ನಾದರೂ ಕೊಡಿ.